ಕ್ಯೂ ಇಲ್ಲದ ಹಡಗು ಮಾರಾಟಕ್ಕಿದೆ

ದೊಡ್ಡ ಕ್ರೂಸ್ ಹಡಗುಗಳಲ್ಲಿ ಒಂದು ಥಿಯೇಟರ್ ಇರುತ್ತದೆ. ಸಾವಿರಕ್ಕೂ ಜಾಸ್ತಿ ಸೀಟು. ಸಂಜೆ ಶೋ ಶುರುವಾಗುವ ಹೊತ್ತಿಗೆ ಜನ ಕೂರಲು ಜಾಗ ಸಿಗದೆ ಹಿಂದಿನ ಗೋಡೆಗೆ ಒರಗಿಕೊಂಡು, ಕುತ್ತಿಗೆ ಉದ್ದ ಮಾಡಿಕೊಂಡು ನಿಂತಿರುತ್ತಾರೆ. ಆದರೆ ನಟ್ಟನಡುವೆ, ಎಲ್ಲಕ್ಕಿಂತ ಒಳ್ಳೆಯ ಜಾಗದಲ್ಲಿ, ಎರಡು ಸಾಲು ಖಾಲಿ. ತುದಿಯಲ್ಲಿ ಒಂದು ಹಗ್ಗ, ಪಕ್ಕದಲ್ಲಿ ಸಿಬ್ಬಂದಿಯೊಬ್ಬರು. ಅದು ಸೂಟ್, ಅಂದರೆ ಹಡಗಿನ ದೊಡ್ಡ ದುಬಾರಿ ಕೋಣೆ, ಬುಕ್ ಮಾಡಿದವರಿಗೆ ಮೀಸಲು. ಶೋಗೆ ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಹಗ್ಗ ಬಿಚ್ಚುತ್ತಾರೆ, ನಿಂತವರು ನುಗ್ಗುತ್ತಾರೆ. ಸೂಟ್‌ನವರು ಎಷ್ಟೋ ದಿನ ಬರುವುದೇ ಇಲ್ಲ. ಆದರೂ ಆ ಎರಡು ಸಾಲು ತಮ್ಮ ಕೆಲಸ ಮಾಡಿಯಾಗಿರುತ್ತದೆ. ಸಾವಿರ ಜನ ಅದನ್ನು ನೋಡಿರುತ್ತಾರೆ, ಅಲ್ವಾ?

ಇವತ್ತಿನ ಈ ಮಾತುಕತೆಯಲ್ಲಿ ನಿಮ್ಮೆಲ್ಲರ ಮುಂದೆ ನಾನು ಹೇಳಬೇಕಾಗಿರುವುದು ಇಷ್ಟೇ. ಹಡಗಿನ ದುಬಾರಿ ದರ್ಜೆಯಲ್ಲಿ ಮಾರುವುದು ದೊಡ್ಡ ಕೋಣೆಯನ್ನಲ್ಲ, ಒಳ್ಳೆ ಊಟವನ್ನೂ ಅಲ್ಲ. ಮಾರುವುದು ಬೇರೆಯವರು ನಿಂತಿರುವ ಕ್ಯೂನಲ್ಲಿ ನೀವು ನಿಲ್ಲದೇ ಇರುವುದನ್ನು. ಅದನ್ನು ಮಾರಬೇಕು ಅಂದರೆ ಮೊದಲು ಕ್ಯೂ ಇರಬೇಕು. ಅದೇ ತಮಾಷೆ, ಅದೇ ತಕರಾರು ಕೂಡ.

ಹಳೇ ಕಾಲದಿಂದ ಶುರು ಮಾಡೋಣ. ನಮಗೆಲ್ಲ ಗೊತ್ತಿರುವ ಹಡಗು ಟೈಟಾನಿಕ್. 1912. ಮೊದಲ ದರ್ಜೆಯಲ್ಲಿ ಶಾರ್ಲಟ್ ಕಾರ್ಡೆಜಾ ಅನ್ನುವ ಅಮೆರಿಕದ ಶ್ರೀಮಂತ ಮಹಿಳೆ ಇದ್ದರು. ಆಕೆ, ಆಕೆಯ ಮಗ, ಒಬ್ಬ ಕೆಲಸದಾಕೆ, ಮಗನ ಸೇವಕ, ಈ ನಾಲ್ಕು ಜನರ ಟಿಕೆಟ್‌ಗೆ 512 ಪೌಂಡ್. ಅದೇ ಹಡಗಿನ ಮೂರನೇ ದರ್ಜೆಗೆ ತಲೆಗೆ ಏಳೆಂಟು ಪೌಂಡ್. ಮೂರನೇ ದರ್ಜೆಯಲ್ಲಿ ಏಳುನೂರು ಜನರಿದ್ದರು, ಅವರಿಗೆಲ್ಲ ಸೇರಿ ಸ್ನಾನದ ತೊಟ್ಟಿ ಎರಡೇ ಎರಡು. ಒಂಟಿ ಗಂಡಸರನ್ನು ಹಡಗಿನ ಮೂತಿಯಲ್ಲಿ ಇಟ್ಟಿದ್ದರು, ಒಂಟಿ ಹೆಂಗಸರನ್ನೂ ಸಂಸಾರದವರನ್ನೂ ಬಾಲದ ಕಡೆ. ನಡುಭಾಗ ಮೊದಲ ದರ್ಜೆಗೆ. ಅದಕ್ಕೆ ಕಾರಣ ಅಂದ ಅಲ್ಲ. ಹಡಗು ಮೇಲೆ ಕೆಳಗೆ ಆಡುವಾಗ ನಡುವೆ ಅಲುಗಾಟ ಕಡಿಮೆ. ಈ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಬದುಕಿ ಬಂದವರ ಲೆಕ್ಕ ಎಲ್ಲರೂ ಹೇಳುತ್ತಾರೆ. ಮೊದಲ ದರ್ಜೆಯಲ್ಲಿ ನೂರಕ್ಕೆ 62, ಮೂರನೆಯದರಲ್ಲಿ 25. ಆದರೆ ಜನ ಹೇಳದೇ ಬಿಡುವ ಒಂದು ಅಂಕಿ ಇದೆ. ಗಂಡಸರನ್ನು ಮಾತ್ರ ತೆಗೆದುಕೊಂಡರೆ ಅತಿ ಕಡಿಮೆ ಬದುಕಿದ್ದು ಎರಡನೇ ದರ್ಜೆಯವರು, ನೂರಕ್ಕೆ ಎಂಟು ಅಷ್ಟೇ. ಮೂರನೇ ದರ್ಜೆಯ ಗಂಡಸರು 16. ಅಂದರೆ ದುಡ್ಡಿನ ಏಣಿ ನೇರವಾಗಿ ಪ್ರಾಣದ ಏಣಿ ಆಗಿರಲಿಲ್ಲ. ಹೆಂಗಸರು ಮಕ್ಕಳು ಮೊದಲು ಅನ್ನುವ ಮಾತನ್ನು ಎರಡನೇ ದರ್ಜೆಯವರು ಜಾಸ್ತಿ ಪಾಲಿಸಿರಬಹುದು, ದೋಣಿ ಇಳಿಸುತ್ತಿದ್ದ ಅಧಿಕಾರಿಗಳು ಬೇರೆ ಬೇರೆ ಥರ ನಡೆದುಕೊಂಡಿರಬಹುದು. ಕಾರ್ಡೆಜಾ ಕಡೆಯ ನಾಲ್ಕೂ ಜನ ಬದುಕಿದರು, ಕೆಲಸದಾಕೆ ಮತ್ತು ಸೇವಕ ಸೇರಿ. ಬ್ರಿಟಿಷ್ ವಿಚಾರಣೆ ಮೂರನೇ ದರ್ಜೆಯವರಿಗೆ ಅನ್ಯಾಯವೇನೂ ಆಗಿಲ್ಲ ಅಂತ ತೀರ್ಪು ಕೊಟ್ಟಿತು. ಆ ವಿಚಾರಣೆಯಲ್ಲಿ ಸಾಕ್ಷಿ ಹೇಳಲು ಮೂರನೇ ದರ್ಜೆಯ ಒಬ್ಬ ಪ್ರಯಾಣಿಕರನ್ನೂ ಕರೆದಿರಲಿಲ್ಲ. ಅದರ ಮೇಲೆ ನಾನು ಏನೂ ಹೇಳಬೇಕಾಗಿಲ್ಲ.

ಆಗಿನ ಗೇಟು, ಬೇಲಿ ಎಲ್ಲ ಬರೀ ದೊಡ್ಡಸ್ತಿಕೆಗೆ ಹಾಕಿದ್ದು ಅಂದುಕೊಳ್ಳಬೇಡಿ. ಅಮೆರಿಕದ ವಲಸೆ ಕಾನೂನೇ ಹಾಗಿತ್ತು. ವಲಸಿಗರಿಂದ ರೋಗ ಹರಡುತ್ತದೆ ಅನ್ನುವ ಭಯಕ್ಕೆ ಮೂರನೇ ದರ್ಜೆಯವರನ್ನು ಬೇರೆ ಇಡಲೇಬೇಕಿತ್ತು. ನ್ಯೂಯಾರ್ಕ್ ತಲುಪಿದ ಮೇಲೂ ಅಷ್ಟೇ. ಮೊದಲ, ಎರಡನೇ ದರ್ಜೆಯವರ ತಪಾಸಣೆ ಹಡಗಿನಲ್ಲೇ ಮುಗಿದು, ಅವರು ಇಳಿದು ಹೋಗುತ್ತಿದ್ದರು. ಮೂರನೆಯವರನ್ನು ಮಾತ್ರ ದೋಣಿಗೆ ಹತ್ತಿಸಿ ಎಲ್ಲಿಸ್ ದ್ವೀಪಕ್ಕೆ ಕಳಿಸುತ್ತಿದ್ದರು. ಅಲ್ಲಿ ಕಣ್ಣು ರೆಪ್ಪೆ ಮಡಿಚಿ ನೋಡುವುದು, ಪ್ರಶ್ನೆ ಕೇಳುವುದು, ಕಾಯಿಸುವುದು. ನೋಡಿ, ಆಗಲೇ ದೊಡ್ಡ ಟಿಕೆಟ್ ಕೊಂಡವನು ಕೊಂಡಿದ್ದು ಕ್ಯೂನಿಂದ ಬಿಡುಗಡೆಯನ್ನು. ವ್ಯತ್ಯಾಸ ಏನಪ್ಪಾ ಅಂದರೆ ಆ ಕ್ಯೂ ಮಾಡಿದ್ದು ಸರ್ಕಾರ.

1921 ಮತ್ತು 1924ರಲ್ಲಿ ಅಮೆರಿಕ ವಲಸೆಗೆ ಬಾಗಿಲು ಬಹುಪಾಲು ಮುಚ್ಚಿತು. ಹಡಗು ಕಂಪನಿಗಳಿಗೆ ಪೆಟ್ಟು ಬಿತ್ತು, ಯಾಕೆಂದರೆ ತಳದ ಡೆಕ್‌ನಲ್ಲಿ, ಅಂದರೆ ಹಡಗಿನ ಕೆಳಗಿನ ಮಹಡಿಯಲ್ಲಿ, ತುಂಬಿಕೊಂಡು ಬರುತ್ತಿದ್ದ ವಲಸಿಗರ ಟಿಕೆಟ್ಟೇ ದೊಡ್ಡ ಆದಾಯ. ಈಗ ಆ ಜಾಗಕ್ಕೆ ಯಾರನ್ನು ತರುವುದು? ಅದನ್ನೇ ತೊಳೆದು, ಬಣ್ಣ ಬಳಿದು, ಕೋಣೆ ಮಾಡಿ, ಟೂರಿಸ್ಟ್ ಥರ್ಡ್ ಅಂತ ಹೆಸರಿಟ್ಟು ವಿದ್ಯಾರ್ಥಿಗಳಿಗೆ, ಮೇಷ್ಟ್ರುಗಳಿಗೆ, ರಜೆಗೆ ಯುರೋಪು ನೋಡಬೇಕು ಅನ್ನುವವರಿಗೆ ಮಾರಿದರು. ಜನ ಖುಷಿಯಿಂದ ಕೊಂಡರು. ದರ್ಜೆ ಅನ್ನುವುದರ ಗಡಿ ಎಷ್ಟು ಸುಲಭವಾಗಿ ಸರಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನೊಂದು ಅತಿರೇಕ 1935ರ ನಾರ್ಮಂಡಿ. ಫ್ರೆಂಚ್ ಹಡಗು. ಅದರ ಮೊದಲ ದರ್ಜೆಯ ಊಟದ ಹಾಲ್ ಸುಮಾರು 93 ಮೀಟರ್ ಉದ್ದ, ಒಂದು ಕಿಟಕಿಯೂ ಇಲ್ಲ, ಏರ್ ಕಂಡೀಷನ್, ಗಾಜಿನ ದೀಪದ ಕಂಬಗಳು. ಹಡಗಿನ ಜಾಗದ ಬಹುಪಾಲು ಮೊದಲ ದರ್ಜೆಯೇ ತಿಂದುಬಿಟ್ಟಿತ್ತು. ಅಷ್ಟು ವೈಭವ ಮಾಡಿ ಹಡಗು ತುಂಬಲಿಲ್ಲ. ಆಗ ದುಡ್ಡು ಬರುತ್ತಿದ್ದುದು ಮಧ್ಯಮ ದರ್ಜೆಯವರಿಂದ, ಅವರಿಗೇ ಅಲ್ಲಿ ಜಾಗ ಕಡಿಮೆ.

ಆಮೇಲೆ ಜೆಟ್ ವಿಮಾನ ಬಂತು. 1958ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ಹಾರಾಟ ಶುರು. ಐದು ದಿನದ ದಾರಿ ಒಂದು ರಾತ್ರಿಗೆ ಇಳಿಯಿತು. ಹತ್ತು ವರ್ಷದಲ್ಲಿ ಲೈನರ್‌ಗಳ, ಅಂದರೆ ಜನರನ್ನು ಸಮುದ್ರ ದಾಟಿಸುತ್ತಿದ್ದ ಹಡಗುಗಳ, ಕಥೆ ಬಹುಪಾಲು ಮುಗಿಯಿತು.

ಇಲ್ಲಿ ಒಂದು ವಿಚಿತ್ರ ತಿರುವು ಇದೆ. ಕೆಲಸ ಕಳೆದುಕೊಂಡ ಹಡಗುಗಳನ್ನು ಅಗ್ಗಕ್ಕೆ ಕೊಂಡು ಕೆರಿಬಿಯನ್ ಕಡೆ ರಜೆಯ ಹಡಗು ಮಾಡಿದರು. 1972ರಲ್ಲಿ ಕಾರ್ನಿವಲ್ ಕಂಪನಿಯ ಮೊದಲ ಹಡಗು ಮಾರ್ಡಿ ಗ್ರಾ ಹೊರಟಿತು. ಮೊದಲ ಯಾತ್ರೆಯಲ್ಲೇ ಮರಳಿಗೆ ಸಿಕ್ಕಿಕೊಂಡಿತು, ಅದಿರಲಿ. ಆ ಹಡಗು ಅದಕ್ಕೂ ಮುಂಚೆ ಎಂಪ್ರೆಸ್ ಆಫ್ ಕೆನಡಾ ಅನ್ನುವ ಎರಡು ದರ್ಜೆಯ ಲೈನರ್. 1979ರಲ್ಲಿ ನಾರ್ವೆಯ ಕಂಪನಿ ಎಸ್‌ಎಸ್ ಫ್ರಾನ್ಸ್ ಕೊಂಡು ನಾರ್ವೇ ಅಂತ ಹೆಸರು ಬದಲಿಸಿತು. ಅದೂ ಎರಡು ದರ್ಜೆಯದು. ಇವುಗಳೊಳಗಿನ ಗೋಡೆ, ಬಾಗಿಲು ತೆಗೆಸಿ, ಎಲ್ಲರೂ ಎಲ್ಲ ಕಡೆ ಓಡಾಡಬಹುದು ಅಂದರು. ಅದೇ ಮಾರಾಟದ ಮಾತು ಆಯಿತು. ಕೋಣೆಗೆ ತಕ್ಕ ಬೆಲೆ ಕೊಡಿ, ಕೋಣೆಯಿಂದ ಹೊರಗೆ ಕಾಲಿಟ್ಟ ಮೇಲೆ ಎಲ್ಲರೂ ಒಂದೇ. ಅದೇ ಊಟ, ಅದೇ ಈಜುಕೊಳ, ಅದೇ ಡ್ಯಾನ್ಸ್. ಕುನಾರ್ಡ್ ಅನ್ನುವ ಹಳೇ ಹಡಗು ಕಂಪನಿ ಮಾತ್ರ ಜಗ್ಗಲಿಲ್ಲ. ಅವರ ಕ್ವೀನ್ ಮೇರಿ 2 ಹಡಗಿನಲ್ಲಿ ಇವತ್ತಿಗೂ ನೀವು ಯಾವ ಕೋಣೆ ತೆಗೆದುಕೊಂಡಿರೋ ಅದರ ಮೇಲೆ ಊಟದ ಹಾಲ್. ಸಾಮಾನ್ಯ ಕೋಣೆಗೆ ಬ್ರಿಟಾನಿಯಾ, ಸೂಟ್‌ಗಳಿಗೆ ಪ್ರಿನ್ಸೆಸ್ ಗ್ರಿಲ್, ಅದಕ್ಕೂ ಮೇಲೆ ಕ್ವೀನ್ಸ್ ಗ್ರಿಲ್. ಹೇಳದೇ ಮಾಡುವವರಿಗಿಂತ ಹೇಳಿ ಮಾಡುವ ಇವರೇ ವಾಸಿ ಅಂತ ನನಗೆ ಅನ್ನಿಸುತ್ತದೆ.

ಈ ಒಂದೇ ದರ್ಜೆಯ ಕಾಲ ಯಾಕೆ ಸಾಧ್ಯವಾಯಿತು? ಕಂಪನಿಗಳಿಗೆ ಸಮಾನತೆಯ ಮೇಲೆ ಪ್ರೀತಿ ಉಕ್ಕಿತು ಅಂತಲ್ಲ. ಹಡಗು ಚಿಕ್ಕದಿತ್ತು. 1966ರಲ್ಲಿ ಇವತ್ತಿನ ಥರದ ಕ್ರೂಸ್ ಶುರುಮಾಡಿದ ಸನ್‌ವರ್ಡ್ ಹಡಗಿನಲ್ಲಿ ಹಿಡಿಸುತ್ತಿದ್ದುದು ಕೆಲವೇ ನೂರು ಜನ. ಅಷ್ಟು ಜನಕ್ಕೆ ಎಲ್ಲಿಯ ಕ್ಯೂ? ಎರಡು ಪಾಳಿಯಲ್ಲಿ ಊಟ, ನಿಮ್ಮ ಟೇಬಲ್ ನಿಮಗೆ, ಅದೇ ವೇಟರ್ ದಿನಾ. ಈಗ ಇನ್ನೊಂದು ತುದಿಗೆ ಬನ್ನಿ. 2024ರ ಜನವರಿಯಲ್ಲಿ ಹೊರಟ ಐಕಾನ್ ಆಫ್ ದ ಸೀಸ್. 20 ಡೆಕ್. ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೆ 5,610 ಪ್ರಯಾಣಿಕರು, ಪೂರ್ತಿ ತುಂಬಿದರೆ 7,600. ಮೇಲೆ ಸಿಬ್ಬಂದಿ 2,350. ಇಷ್ಟು ಜನ ಒಂದೇ ಬೆಳಗ್ಗೆ ತಿಂಡಿಗೆ ಹೊರಟರೆ, ಒಂದೇ ಬಂದರಿನಲ್ಲಿ ಇಳಿಯಲು ನಿಂತರೆ, ಒಂದೇ ಮಧ್ಯಾಹ್ನ ಈಜುಕೊಳದ ಪಕ್ಕ ಕುರ್ಚಿ ಹುಡುಕಿದರೆ ಏನಾಗುತ್ತದೆ ಅಂತ ನೀವೇ ಊಹಿಸಿಕೊಳ್ಳಿ.

ಕುರ್ಚಿಯ ವಿಷಯ ಬಂತಲ್ಲ, ಒಂದು ನಿಮಿಷ ದಾರಿ ಬಿಡುತ್ತೇನೆ. ಬೆಳಗ್ಗೆ ಆರಕ್ಕೇ ಎದ್ದು ನಾಲ್ಕು ಕುರ್ಚಿಯ ಮೇಲೆ ಟವೆಲ್ ಹಾಸಿ, ಒಂದರ ಮೇಲೆ ಅರ್ಧ ಓದಿದ ಪುಸ್ತಕ, ಇನ್ನೊಂದರ ಮೇಲೆ ಒಂದೇ ಒಂದು ಚಪ್ಪಲಿ ಇಟ್ಟು, ತಾವು ವಾಪಸ್ ಹೋಗಿ ಮಲಗುವ ಜನ ಪ್ರತಿ ಹಡಗಿನಲ್ಲೂ ಇರುತ್ತಾರೆ. ಕೆಲವು ಕಂಪನಿಯವರು ಈಗ ಕುರ್ಚಿಗೆ ಸಮಯ ಬರೆದ ಚೀಟಿ ಅಂಟಿಸುತ್ತಾರೆ. ನಲವತ್ತು ನಿಮಿಷ ಯಾರೂ ಬರದಿದ್ದರೆ ಟವೆಲ್, ಚಪ್ಪಲಿ, ಪುಸ್ತಕ ಎಲ್ಲ ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ಆ ಚಪ್ಪಲಿಯ ಯಜಮಾನ ಬಂದು ಮಾಡುವ ಜಗಳ ಥಿಯೇಟರ್ ಶೋಗಿಂತ ಚೆನ್ನಾಗಿರುತ್ತದೆ. ಯಾರೂ ಬಡವರಲ್ಲ, ಯಾರಿಗೂ ಕುರ್ಚಿ ಇಲ್ಲದೆ ಜೀವ ಹೋಗುವುದಿಲ್ಲ. ಆದರೂ ಒಂದು ವಸ್ತು ಎಲ್ಲರಿಗೂ ಸಾಲದು ಅಂತ ಗೊತ್ತಾದ ಕೂಡಲೇ ಮನುಷ್ಯ ಬದಲಾಗುತ್ತಾನೆ. ಕಂಪನಿಗೆ ಇದು ಚೆನ್ನಾಗಿ ಗೊತ್ತು.

ಸರಿ, ವಾಪಸ್ ಬರೋಣ. ಹಡಗು ದೊಡ್ಡದಾದಂತೆ ದರ್ಜೆಯೂ ಮರಳಿ ಬಂತು. ನಾರ್ವೀಜಿಯನ್ ಅನ್ನುವ ಹೆಸರಿನ ಕ್ರೂಸ್ ಕಂಪನಿ ಕೆಲವು ಹಡಗುಗಳ ಮೇಲಿನ ಡೆಕ್‌ನಲ್ಲಿ ಒಂದು ಅಂಗಳ, ಅದರ ಸುತ್ತ ವಿಲ್ಲಾಗಳು, ನಡುವೆ ಅವರಿಗಷ್ಟೇ ಈಜುಕೊಳ ಅಂತ ಮಾಡಿತು. ಅದಕ್ಕೆ ಈಗ ದ ಹೇವನ್ ಅನ್ನುತ್ತಾರೆ. 2008ರಲ್ಲಿ ಎಂಎಸ್‌ಸಿ ಫ್ಯಾಂಟಾಸಿಯಾ ಹಡಗಿನಲ್ಲಿ ಯಾಟ್ ಕ್ಲಬ್ ಅಂತ ಇಂಥದ್ದೇ ಒಂದು ಬೇರೆ ಜಾಗ ಬಂತು. 2016ರಲ್ಲಿ ರಾಯಲ್ ಕೆರಿಬಿಯನ್ ತನ್ನ ಸೂಟ್‌ಗಳನ್ನೇ ಮತ್ತೆ ಮೂರು ಭಾಗ ಮಾಡಿತು, ಸೀ, ಸ್ಕೈ, ಸ್ಟಾರ್ ಅಂತ. ಸ್ಟಾರ್‌ನವರಿಗೆ ರಾಯಲ್ ಜೀನಿ ಅಂತ ಒಬ್ಬರನ್ನು ಕೊಡುತ್ತಾರೆ, ಬೇಕಾದ್ದನ್ನು ಮಾಡಿಕೊಡಲು. 2018ರಲ್ಲಿ ಸೆಲೆಬ್ರಿಟಿ ಎಡ್ಜ್ ಹಡಗಿನ ಜೊತೆ ದ ರಿಟ್ರೀಟ್ ಅಂತ ಅಂಥದ್ದೇ ಇನ್ನೊಂದು. ಈ ಉದ್ಯಮದವರೇ ಇದನ್ನೆಲ್ಲ ಹಡಗಿನೊಳಗಿನ ಹಡಗು ಅಂತ ಕರೆಯುತ್ತಾರೆ.

ಇದು ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ನೋಡಿ. ಹಡಗು ಹತ್ತುವ ದಿನ. ದೊಡ್ಡ ಶೆಡ್ಡಿನಲ್ಲಿ ಹಾವಿನ ಥರ ಸುತ್ತಿದ ಸಾಲು, ಸೂಟ್‌ಕೇಸು, ಅಳುವ ಮಕ್ಕಳು. ಪಕ್ಕದಲ್ಲಿ ಇನ್ನೊಂದು ಬಾಗಿಲು, ಅಲ್ಲಿ ಸೋಫಾ, ತಣ್ಣಗಿನ ಪಾನೀಯ. ಸ್ವಲ್ಪ ಹೊತ್ತಿಗೆ ಕೋಟು ಹಾಕಿದವರೊಬ್ಬರು ಬಂದು ಆ ಕಡೆಯವರನ್ನು ಕರೆದುಕೊಂಡು ಹೊರಡುತ್ತಾರೆ. ಹಡಗಿನೊಳಗೆ ಲಿಫ್ಟ್ ಹತ್ತಿ ಕಾರ್ಡ್ ಮುಟ್ಟಿಸಿದರೆ ಸಾಮಾನ್ಯರ ಲಿಫ್ಟಿನಲ್ಲಿ ಇಲ್ಲದ ಮಹಡಿ ಸಿಗುತ್ತದೆ. ಅಲ್ಲಿ ಒಂದು ಬಾಗಿಲು, ಎದ್ದು ಕಾಣುವ ಬೋರ್ಡು ಇಲ್ಲ, ಗೋಡೆಯ ಬಣ್ಣವೇ. ಪಕ್ಕದ ಕಾರಿಡಾರಿನಲ್ಲಿ ದಿನಾ ಓಡಾಡುವವರಿಗೂ ಅದೇನು ಅಂತ ಗೊತ್ತಾಗದೇ ಹೋಗಬಹುದು. ಆ ಕಡೆ ಹೋದರೆ ಚಿಕ್ಕ ಈಜುಕೊಳ, ಇಪ್ಪತ್ತು ಕುರ್ಚಿ, ನಾಲ್ಕೇ ಜನ. ಟವೆಲ್ ಹಾಕಿ ಕುರ್ಚಿ ಹಿಡಿಯುವ ರೋಗ ಅಲ್ಲಿ ಇಲ್ಲ. ಅವರು ಒಳ್ಳೆಯವರು ಅಂತಲ್ಲ, ಅಗತ್ಯ ಇಲ್ಲ. ದೋಣಿಯಲ್ಲಿ ದಡಕ್ಕೆ ಹೋಗುವ ಬಂದರಾದರೆ ಮೊದಲ ದೋಣಿ ಅವರದು. ಕೊನೆಯ ದಿನ ಇಳಿಯುವಾಗಲೂ ಅವರೇ ಮೊದಲು, ಅಥವಾ ಅವರಿಗೆ ಬೇಕಾದಾಗ. ಪಟ್ಟಿ ಮಾಡಿ ನೋಡಿ. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ವಸ್ತುಗಳೇ ಅಲ್ಲ. ಕಾಯುವುದನ್ನು ತಪ್ಪಿಸಿದ್ದು, ಅಷ್ಟೇ.

ಫ್ರಾನ್ಸಿನಲ್ಲಿ ಜೂಲ್ ದ್ಯುಪ್ವಿ ಅಂತ ಒಬ್ಬ ಎಂಜಿನಿಯರ್ ಇದ್ದ. 1849ರಲ್ಲಿ ಅವನು ರೈಲಿನ ಮೂರನೇ ದರ್ಜೆಯ ಬೋಗಿಗಳ ಬಗ್ಗೆ ಬರೆದ. ಆ ಬೋಗಿಗಳಿಗೆ ಸೂರು ಇರಲಿಲ್ಲ. ಸೂರು ಹಾಕಿಸಲು ಎಷ್ಟು ಮಹಾ ಖರ್ಚು? ಅವನು ಹೇಳಿದ್ದು, ಖರ್ಚು ಉಳಿಸಲು ಸೂರು ಬಿಟ್ಟಿದ್ದಲ್ಲ, ಬಡವರನ್ನು ಹಿಂಸಿಸಬೇಕು ಅಂತಲೂ ಅಲ್ಲ. ಎರಡನೇ ದರ್ಜೆಯ ಟಿಕೆಟ್ ಕೊಳ್ಳುವ ಶಕ್ತಿ ಇರುವವನು ಮೂರನೆಯದಕ್ಕೆ ಇಳಿದುಬಿಡಬಾರದು, ಅವನಿಗೆ ಹೆದರಿಕೆ ಇರಬೇಕು ಅಂತ. ಇಷ್ಟು ವರ್ಷ ಆದ ಮೇಲೂ ದರ್ಜೆಗಳ ಬಗ್ಗೆ ಇದಕ್ಕಿಂತ ಚುರುಕಾದ ಮಾತು ಬಂದಿಲ್ಲ ಅಂತ ನನ್ನ ಅಭಿಪ್ರಾಯ. ಕೆಳಗಿನ ದರ್ಜೆ ಚೆನ್ನಾಗಿದ್ದರೆ ಮೇಲಿನದು ಮಾರಾಟವಾಗುವುದಿಲ್ಲ. ಹಾಗಂತ ತೀರಾ ಕೆಟ್ಟದಾದರೆ ಜನ ಹಡಗಿಗೇ ಬರುವುದಿಲ್ಲ. ನಡುವೆ ಒಂದು ಹದ ಇದೆ, ಸ್ವಲ್ಪ ಕಿರಿಕಿರಿ ಆಗುವಷ್ಟು. ಆ ಹದ ಹಿಡಿಯುವುದೇ ಇವತ್ತಿನ ಕ್ರೂಸ್ ಕಂಪನಿಯ ಕಸುಬು.

ಕಂಪನಿ ಕೂತು ಬೇಕೆಂದೇ ಕ್ಯೂ ಉದ್ದ ಮಾಡುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಕ್ಯೂ ಕಡಿಮೆ ಮಾಡಲು ದುಡ್ಡು ಹಾಕುವ ಆಸೆ ಅದಕ್ಕೆ ಎಲ್ಲಿಂದ ಬರಬೇಕು ಹೇಳಿ? ಇನ್ನೆರಡು ಲಿಫ್ಟ್ ಹಾಕಿದರೆ ಎಲ್ಲರಿಗೂ ಅನುಕೂಲ. ಆದರೆ ಲಿಫ್ಟ್‌ನ ಜಾಗದಲ್ಲಿ ಕೋಣೆ ಬರುತ್ತದೆ, ಮತ್ತೆ ಲಿಫ್ಟಿಗೆ ಕಾಯಬೇಕಾಗಿಲ್ಲ ಅನ್ನುವುದನ್ನೇ ಇನ್ನೊಂದು ಕಡೆ ಮಾರಬಹುದು.

ಇದಕ್ಕೆ ಎದುರು ವಾದ ಇದೆ, ಅದು ಸುಳ್ಳೂ ಅಲ್ಲ. ಸೂಟ್‌ನವರು ಜಾಸ್ತಿ ಕೊಡುವುದರಿಂದಲೇ ಕಿಟಕಿ ಇಲ್ಲದ ಒಳಕೋಣೆ ಅಷ್ಟು ಅಗ್ಗಕ್ಕೆ ಸಿಗುತ್ತದೆ ಅನ್ನುತ್ತಾರೆ. ಸ್ವಲ್ಪ ನಿಜ. ಹಳೇ ಕಾಲದಲ್ಲಿ ಸಮುದ್ರಯಾನದ ಕನಸೂ ಕಾಣಲಾಗದವರು ಈಗ ಒಳಕೋಣೆ ಹಿಡಿದು ಹೋಗಿ ಬರುತ್ತಿದ್ದಾರೆ, ಅದು ಸಣ್ಣ ವಿಷಯ ಅಲ್ಲ. ಆದರೆ ಆ ಅಗ್ಗಕ್ಕೆ ಇನ್ನೊಂದು ಕಾರಣವೂ ಇದೆ. ದೊಡ್ಡ ಕಂಪನಿಗಳ ಆದಾಯದಲ್ಲಿ ಸುಮಾರು ಮೂರನೇ ಒಂದು ಭಾಗ ಬರುವುದು ಟಿಕೆಟ್‌ನಿಂದಲ್ಲ, ಹಡಗು ಹತ್ತಿದ ಮೇಲೆ ಮಾಡುವ ಖರ್ಚಿನಿಂದ. ಮದ್ಯ, ಕ್ಯಾಸಿನೊ, ಇಂಟರ್ನೆಟ್, ಸ್ಪಾ, ದಡದ ಪ್ರವಾಸ, ಬೇರೆ ದುಡ್ಡು ಕೊಟ್ಟು ತಿನ್ನುವ ರೆಸ್ಟೋರೆಂಟ್. ಅಗ್ಗದ ಟಿಕೆಟ್ ಒಳಗೆ ಕರೆಯಲು, ಅಷ್ಟೇ. ಒಳಕೋಣೆಯವನು ಕೂಡ ಅಲ್ಲಿ ತನ್ನ ಪಾಲು ಕೊಟ್ಟೇ ಬರುತ್ತಾನೆ.

ಅಂದ ಹಾಗೆ 2014ರಲ್ಲಿ ಕ್ವಾಂಟಮ್ ಆಫ್ ದ ಸೀಸ್ ಹಡಗಿನ ಒಳಕೋಣೆಗಳಲ್ಲಿ ಗೋಡೆಗೆ 80 ಇಂಚಿನ ಪರದೆ ಹಾಕಿ, ಹೊರಗಿನ ಕ್ಯಾಮೆರಾದಿಂದ ಸಮುದ್ರವನ್ನು ಆ ಕ್ಷಣದಲ್ಲೇ ತೋರಿಸಿದರು. ಅದನ್ನು ಬಾಲ್ಕನಿ ಅಂತಲೇ ಕರೆದರು. ಬಿದ್ದು ಹೋಗಬಾರದು ಅಂತ ಪರದೆಯ ಮೇಲೆ ಕಟಕಟೆಯನ್ನೂ ತೋರಿಸುತ್ತಾರೆ. ಇದಕ್ಕೆ ನಗಬೇಕೋ ಮೆಚ್ಚಬೇಕೋ ನನಗೆ ತಿಳಿಯದು.

ದರ್ಜೆ ಕಣ್ಣಿಗೆ ಕಂಡರೆ ಏನಾಗುತ್ತದೆ ಅನ್ನುವುದಕ್ಕೆ ವಿಮಾನದಿಂದ ಒಂದು ಉದಾಹರಣೆ. ಕ್ಯಾಥರೀನ್ ಡಿಸೆಲ್ಸ್ ಮತ್ತು ಮೈಕೆಲ್ ನಾರ್ಟನ್ ಅನ್ನುವವರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊದಲ ದರ್ಜೆ ಇರುವ ವಿಮಾನಗಳಲ್ಲಿ ಎಕಾನಮಿಯವರ ಗಲಾಟೆ ಸುಮಾರು ನಾಲ್ಕು ಪಟ್ಟು ಜಾಸ್ತಿ. ಎಲ್ಲರೂ ಮುಂದಿನ ಬಾಗಿಲಿಂದ ಹತ್ತಿ ಆ ಅಗಲದ ಸೀಟುಗಳ ನಡುವೆಯೇ ನಡೆದು ಹೋಗಬೇಕಾದರೆ ಅದು ಮತ್ತೆ ಎರಡು ಪಟ್ಟು. ಅವರ ಲೆಕ್ಕ ಹಾಕಿದ ರೀತಿಗೆ ಟೀಕೆಯೂ ಬಂತು, ಹಾಗಾಗಿ ಅಂಕಿಗಳನ್ನು ತೀರಾ ನೆಚ್ಚಿಕೊಳ್ಳಬೇಡಿ. ಆದರೆ ಹಡಗು ಕಟ್ಟುವವರು ಈ ಪಾಠ ಮೊದಲೇ ಕಲಿತ ಹಾಗಿದೆ. ವಿಮಾನದಲ್ಲಿ ಶ್ರೀಮಂತರು ದಾರಿಯಲ್ಲೇ ಕೂತಿರುತ್ತಾರೆ. ಹಡಗಿನಲ್ಲಿ ಅವರು ಮೇಲೆ, ತುದಿಯಲ್ಲಿ, ಆ ಬೋರ್ಡಿಲ್ಲದ ಬಾಗಿಲ ಹಿಂದೆ. ಒಳಗಿನ ಸುಖವನ್ನು ಪೂರ್ತಿ ಮುಚ್ಚುತ್ತಾರೆ, ಕ್ಯೂ ತಪ್ಪಿಸುವುದನ್ನು ಮಾತ್ರ ಎಲ್ಲರಿಗೂ ಕಾಣುವ ಹಾಗೆ ಮಾಡುತ್ತಾರೆ. ಯಾಕೆಂದರೆ ಮುಂದಿನ ಸಲಕ್ಕೆ ಗಿರಾಕಿ ಬೇಕಲ್ಲ.

ಎರಡೇ ದರ್ಜೆ ಇದ್ದಿದ್ದರೆ ಲೆಕ್ಕ ಸುಲಭ ಇತ್ತು. ಈಗ ನಡುವೆ ಹತ್ತಾರು ಸಣ್ಣ ಮೆಟ್ಟಿಲು. ಬೇಗ ಹತ್ತಬೇಕಾ, ಅದಕ್ಕೊಂದು ಪ್ಯಾಕೇಜ್. ಪಾನೀಯಕ್ಕೊಂದು, ಮತ್ತೆ ಕೋಣೆಯಲ್ಲಿ ಒಬ್ಬರು ಕೊಂಡರೆ ಉಳಿದ ದೊಡ್ಡವರೂ ಕೊಳ್ಳಲೇಬೇಕು ಅನ್ನುವ ನಿಯಮ ಎಷ್ಟೋ ಕಡೆ ಇದೆ. ಒಬ್ಬರೇ ಹೋದರೆ ಇಬ್ಬರ ದುಡ್ಡು, ಯಾಕೆಂದರೆ ಬೆಲೆ ಕೋಣೆಗೆ ಇಬ್ಬರಂತೆ ಕಟ್ಟಿದ್ದು. 2010ರಲ್ಲಿ ನಾರ್ವೀಜಿಯನ್ ಎಪಿಕ್ ಹಡಗಿನಲ್ಲಿ ಒಂಟಿ ಪ್ರಯಾಣಿಕರಿಗೆ 128 ಸಣ್ಣ ಕೋಣೆ ಮಾಡಿದ್ದು ದೊಡ್ಡ ಸುದ್ದಿಯಾಯಿತು ಅಂದರೆ ಉಳಿದ ಕಡೆ ಪರಿಸ್ಥಿತಿ ಹೇಗಿತ್ತು ನೋಡಿ.

ಇವುಗಳ ಜೊತೆಗೆ ಹಳೇ ಗಿರಾಕಿಗಳ ಶ್ರೇಣಿ ಬೇರೆ. ರಾಯಲ್ ಕೆರಿಬಿಯನ್‌ನಲ್ಲಿ ಗೋಲ್ಡ್‌ನಿಂದ ಶುರುವಾಗಿ ಪ್ಲಾಟಿನಮ್, ಎಮರಾಲ್ಡ್, ಡೈಮಂಡ್, ಡೈಮಂಡ್ ಪ್ಲಸ್, ಕೊನೆಗೆ ಪಿನಕಲ್. ಪಿನಕಲ್‌ಗೆ 700 ಪಾಯಿಂಟ್. ಮಾಮೂಲಿ ಕೋಣೆಯಲ್ಲಿ ಇಬ್ಬರು ಹೋದರೆ ರಾತ್ರಿಗೆ ತಲೆಗೊಂದು ಪಾಯಿಂಟ್. ಹೆಚ್ಚು ಕಡಿಮೆ ಎರಡು ವರ್ಷ ಸಮುದ್ರದ ಮೇಲೆ ಮಲಗಬೇಕು. ಸೂಟ್ ಹಿಡಿದರೆ ಎರಡರಷ್ಟು ಬೇಗ. ಇಲ್ಲಿ ಒಂದು ಚೆಂದದ ಜಗಳ ಇದೆ. ವರ್ಷಾನುಗಟ್ಟಲೆ ಒಳಕೋಣೆಯಲ್ಲೇ ಹೋಗಿ ಡೈಮಂಡ್ ಆದವರು ಒಂದು ಕಡೆ, ಮೊದಲ ಸಲವೇ ಸೂಟ್ ಕೊಂಡು ಬಂದವರು ಇನ್ನೊಂದು ಕಡೆ. ಯಾರು ಮೊದಲು ಇಳಿಯಬೇಕು? ಲೌಂಜಿಗೆ ಯಾರಿಗೆ ಪ್ರವೇಶ? ಹಳಬರು ನಾವು ನಿಷ್ಠೆ ತೋರಿಸಿದವರು ಅನ್ನುತ್ತಾರೆ, ಹೊಸಬರು ನಾವು ದುಡ್ಡು ಕೊಟ್ಟವರು ಅನ್ನುತ್ತಾರೆ. ನನ್ನನ್ನು ಕೇಳಿದರೆ ಇಬ್ಬರೂ ಕೊಟ್ಟಿರುವುದು ದುಡ್ಡೇ, ಒಬ್ಬರು ಕಂತಿನಲ್ಲಿ, ಒಬ್ಬರು ಒಟ್ಟಿಗೆ. ಡೈಮಂಡ್ ಆದವರ ಸಂಖ್ಯೆ ಬೆಳೆದಂತೆ ಅವರ ಲೌಂಜಿನ ಮುಂದೆಯೂ ಸಾಲು ಶುರುವಾಗುತ್ತದೆ. ಆಗ ಇನ್ನೊಂದು ಶ್ರೇಣಿ ಬೇಕಾಗುತ್ತದೆ.

ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಹಡಗಿನ ನಡುಭಾಗದ ವಿಷಯ, ಈಗ ಅದಕ್ಕೆ ಬರೋಣ. ಹಳೇ ಲೈನರ್‌ಗಳಲ್ಲಿ ದುಬಾರಿ ಜಾಗ ಅಂದರೆ ನಡುವೆ. ಆಮೇಲೆ ಅಲುಗಾಟ ತಗ್ಗಿಸುವ ರೆಕ್ಕೆಗಳು ಬಂದವು, ಏರ್ ಕಂಡೀಷನ್ ಬಂತು, ಜೀವರಕ್ಷಕ ದೋಣಿಗಳು ಮೇಲಿನ ಡೆಕ್‌ನಿಂದ ಕೆಳಗಿಳಿದವು. ಮೇಲಿನ ಡೆಕ್‌ಗಳೆಲ್ಲ ಬಾಲ್ಕನಿಗೆ ಖಾಲಿಯಾದವು. 1984ರ ರಾಯಲ್ ಪ್ರಿನ್ಸೆಸ್ ಹಡಗಿನಲ್ಲಿ ಎಲ್ಲಾ ಕೋಣೆಗೂ ಹೊರಗಿನ ನೋಟ. ಅಲ್ಲಿಂದ ಮುಂದೆ ಎತ್ತರ ಅಂದರೆ ಬೆಲೆ ಅಂತಾಯಿತು. ಈಗ ಎಷ್ಟೋ ಹಡಗುಗಳಲ್ಲಿ ಅತಿ ದುಬಾರಿ ಸೂಟ್ ಇರುವುದು ಅತಿ ಮೇಲೆ, ಅತಿ ಮುಂದೆ. ಭೌತಶಾಸ್ತ್ರ ಮಾತ್ರ ಬದಲಾಗಿಲ್ಲ. ಸಮುದ್ರ ಕೆರಳಿದ ದಿನ ಅತಿ ಜಾಸ್ತಿ ತೂಗುವುದು ಅದೇ ಜಾಗ. ಕೆಳಗೆ, ನಡುವೆ, ಕಿಟಕಿ ಇಲ್ಲದ ಅಗ್ಗದ ಕೋಣೆಯಲ್ಲಿರುವವನು ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿರುವಾಗ, ಮೇಲೆ ಬಟ್ಲರ್, ಅಂದರೆ ಸೂಟ್‌ನವರ ಸೇವಕ, ತಂದ ಊಟ ತಟ್ಟೆಯಲ್ಲೇ ಇರುತ್ತದೆ. ವಾಂತಿಯಾಗುವವರಿಗೆ ನನ್ನ ಸಲಹೆ ಯಾವಾಗಲೂ ಅದೇ: ಕೆಳಗೆ ಮತ್ತು ನಡುವೆ.

ಇಷ್ಟು ಹೊತ್ತು ಪ್ರಯಾಣಿಕರ ದರ್ಜೆ ಬಗ್ಗೆಯೇ ಮಾತಾಡಿದೆ. ನಿಜವಾದ ಗೋಡೆ ಇರುವುದು ಅವರ ನಡುವೆ ಅಲ್ಲ. ಎಷ್ಟೋ ಹಡಗುಗಳಲ್ಲಿ ಕೆಳಗಿನ ಡೆಕ್‌ನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸಿಬ್ಬಂದಿಯ ಉದ್ದ ಕಾರಿಡಾರ್ ಇರುತ್ತದೆ. ಅಮೆರಿಕದ ಹೆದ್ದಾರಿಯ ಹೆಸರಿಟ್ಟು ಅದನ್ನು ಐ-95 ಅಂತ ಕರೆಯುತ್ತಾರೆ. ಅಲ್ಲಿ ತರಕಾರಿ ಗಾಡಿ, ಬಟ್ಟೆ ಮೂಟೆ, ಕಸ, ಡ್ಯಾನ್ಸಿನ ವೇಷದವರು, ಎಂಜಿನ್ ರೂಮಿನವರು ಎಲ್ಲ ಒಂದೇ ದಾರಿಯಲ್ಲಿ. ಅವರ ಕೋಣೆಗಳು ಬಹುಪಾಲು ಇಬ್ಬರಿಗೊಂದು, ಕೆಲವು ನೀರಿನ ಮಟ್ಟಕ್ಕಿಂತ ಕೆಳಗೆ. ಸಿಬ್ಬಂದಿಯಲ್ಲೂ ಶ್ರೇಣಿ ಇದೆ. ಭುಜದ ಮೇಲೆ ಪಟ್ಟಿ ಇದ್ದವರು ಪ್ರಯಾಣಿಕರ ಜಾಗದಲ್ಲಿ ಕೂತು ಊಟ ಮಾಡಬಹುದು, ಪಾತ್ರೆ ತೊಳೆಯುವವರು ಆ ಬಾಗಿಲು ದಾಟುವ ಹಾಗಿಲ್ಲ. ಊಟದ ಕೋಣೆಗಳೂ ಬೇರೆ ಬೇರೆ. ಒಂದೇ ದರ್ಜೆಯ ಹಡಗು ಅಂತ ಹೇಳಿಕೊಳ್ಳುತ್ತಿದ್ದ ಕಾಲದಲ್ಲೂ ಇದು ಹೀಗೇ ಇತ್ತು.

ಎಷ್ಟೋ ಹಡಗುಗಳ ಮೇಲೆ ಹಾರುವುದು ಬಹಾಮಾಸ್, ಪನಾಮ, ಮಾಲ್ಟಾ, ಬರ್ಮುಡಾ ಬಾವುಟ. ಕಂಪನಿಯ ಆಫೀಸು ಎಲ್ಲೇ ಇರಲಿ, ಹಡಗಿನ ಮೇಲೆ ಕೆಲಸದ ಕಾನೂನು ಬಾವುಟದ ದೇಶದ್ದು. ಎಲ್ಲರಿಗೂ ಅನ್ವಯಿಸುವ ಕನಿಷ್ಠ ನಿಯಮ ಅಂತ 2006ರಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಯಿತು, ಜಾರಿಗೆ ಬಂದಿದ್ದು 2013ರಲ್ಲಿ. ಅದರ ಪ್ರಕಾರ ಕೆಲಸಕ್ಕೆ ಮಿತಿ ಏನು ಗೊತ್ತಾ? ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ. ಇದು ಗರಿಷ್ಠ ಮಿತಿ, ಸಿಬ್ಬಂದಿಯನ್ನು ಕಾಪಾಡಲು ಮಾಡಿದ್ದು. ಇಂಥ ಕೆಲಸ ತಿಂಗಳುಗಟ್ಟಲೆ, ಮನೆಗೆ ಹೋಗದೆ. ಟಿಪ್ಸ್ ಈಗ ದಿನಕ್ಕೆ ಇಷ್ಟು ಅಂತ ಬಿಲ್‌ಗೇ ಸೇರಿಸುತ್ತಾರೆ, ಸೂಟ್‌ನವರಿಗೆ ಸ್ವಲ್ಪ ಜಾಸ್ತಿ. ಅದನ್ನು ಕೌಂಟರಿಗೆ ಹೋಗಿ ತೆಗೆಸಿಹಾಕುವ ಪ್ರಯಾಣಿಕರೂ ಇದ್ದಾರೆ. ಕ್ಯೂ ತಪ್ಪಿಸಲು ಎಷ್ಟು ಬೇಕಾದರೂ ಕೊಡುವವರು ಇಲ್ಲಿ ಮಾತ್ರ ಲೆಕ್ಕ ಹಾಕಲು ಕೂರುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ದರ್ಜೆ ಪೂರ್ತಿ ಇಲ್ಲದ ಒಂದು ಜಾಗವೂ ಇದೆ. ಟೈಟಾನಿಕ್ ಆದ ಮೇಲೆ 1914ರಲ್ಲಿ ಮೊದಲ ಅಂತರರಾಷ್ಟ್ರೀಯ ಸುರಕ್ಷತಾ ಒಪ್ಪಂದ ಆಯಿತು, ಹಡಗಿನಲ್ಲಿರುವ ಪ್ರತಿಯೊಬ್ಬರಿಗೂ ದೋಣಿಯಲ್ಲಿ ಜಾಗ ಇರಬೇಕು ಅಂತ. ಟೈಟಾನಿಕ್‌ನಲ್ಲಿ ಸುಮಾರು 2,200 ಜನಕ್ಕೆ 1,178 ಜಾಗ ಇತ್ತು. ಇವತ್ತು ನಿಮ್ಮ ಕಾರ್ಡಿನ ಮೇಲೆ ಒಂದು ಅಕ್ಷರವೋ ಅಂಕಿಯೋ ಇರುತ್ತದೆ, ಅದು ಅಪಾಯ ಬಂದಾಗ ನೀವು ಸೇರಬೇಕಾದ ಜಾಗ. ಅದಕ್ಕೆ ಪ್ಯಾಕೇಜ್ ಇಲ್ಲ, ಪಾಯಿಂಟ್ ಇಲ್ಲ. 2012ರಲ್ಲಿ ಕೋಸ್ಟಾ ಕಾಂಕಾರ್ಡಿಯಾ ಅನ್ನುವ ಕ್ರೂಸ್ ಹಡಗು ಮಗುಚಿ 32 ಜನ ಸತ್ತಾಗ, ಅವತ್ತೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಹಾಗೆ ಸೇರುವ ಅಭ್ಯಾಸವನ್ನೇ ಮಾಡಿಸಿರಲಿಲ್ಲ. ಆಮೇಲೆ ನಿಯಮ ಬಿಗಿಯಾಯಿತು. ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಎಲ್ಲರೂ ಮಾಡಬೇಕು. ಸೂಟ್‌ನವರು ಗೊಣಗುತ್ತಾರೆ, ಆದರೂ ಬರಬೇಕು.

ಕೊನೆಗೆ ಕೇಳುತ್ತಿದ್ದವರಲ್ಲಿ ಒಬ್ಬರು ಕೇಳಿದರು, ಹಾಗಾದರೆ ಸೂಟ್ ಕೊಳ್ಳಬಾರದಾ ಅಂತ. ಕೊಳ್ಳಬಾರದು ಅಂತ ನಾನೆಲ್ಲಿ ಹೇಳಿದೆ? ವಯಸ್ಸಾದ ತಂದೆ ತಾಯಿ ಜೊತೆಗಿದ್ದರೆ, ನಿಲ್ಲಲು ಆಗದವರಿದ್ದರೆ, ಕ್ಯೂ ತಪ್ಪುವುದು ಶೋಕಿ ಅಲ್ಲ. ಆದರೆ ಕೊಳ್ಳುವ ಮುಂಚೆ ಕೆಲವು ವಿಷಯ ನೋಡಿ. ದಿನಾ ಒಂದು ಬಂದರಿಗೆ ಹೋಗುವ ಯಾತ್ರೆಯಾದರೆ ನೀವು ಹಡಗಿನಲ್ಲಿ ಇರುವುದೇ ಕಡಿಮೆ, ಆ ಖಾಸಗಿ ಈಜುಕೊಳ ನಿಮ್ಮ ಕಣ್ಣಿಗೂ ಬೀಳುವುದಿಲ್ಲ. ಸಮುದ್ರದ ಮೇಲೇ ಕಳೆಯುವ ದಿನಗಳು ಜಾಸ್ತಿ ಇದ್ದರೆ ಲೆಕ್ಕ ಬೇರೆ. ಇನ್ನು, ಭಾರಿ ಹಡಗಿನ ಸೂಟ್‌ಗೆ ಕೊಡುವ ದುಡ್ಡಿಗೆ ಎಷ್ಟೋ ಸಲ ಕೆಲವೇ ನೂರು ಜನರ ಚಿಕ್ಕ ಹಡಗಿನಲ್ಲಿ ಸಾಮಾನ್ಯ ಕೋಣೆ ಬರುತ್ತದೆ. ಅಲ್ಲಿ ತಪ್ಪಿಸಿಕೊಳ್ಳಲು ಕ್ಯೂನೇ ಇರುವುದಿಲ್ಲ. ಆದರೆ ಜಾರುಬಂಡೆ, ಐಸ್ ಸ್ಕೇಟಿಂಗ್ ಅಂತ ಮಕ್ಕಳು ಕೇಳುವ ಯಾವುದೂ ಇರುವುದಿಲ್ಲ, ಅದನ್ನೂ ಯೋಚಿಸಿ.

ದುಡ್ಡೇ ಇಲ್ಲದವರು ಏನು ಮಾಡಬೇಕು ಅಂತ ಹಿಂದಿನ ಸಾಲಿನಿಂದ ಇನ್ನೊಬ್ಬರು ಕೇಳಿದರು. ಐಕಾನ್ ಹಡಗಿನ ಎರಡು ಅಂಕಿ ಹೇಳಿದ್ದೆ ನೋಡಿ, 5,610 ಮತ್ತು 7,600. ನಡುವಿನ ಸುಮಾರು ಎರಡು ಸಾವಿರ ಜನ ಅಂದರೆ ಕೋಣೆಯ ಮೂರನೇ, ನಾಲ್ಕನೇ ಹಾಸಿಗೆಯವರು, ಬಹುಪಾಲು ಮಕ್ಕಳು. ಅವರು ಬರುವುದು ಶಾಲೆಗೆ ರಜೆ ಇದ್ದಾಗ. ರಜೆ ಇಲ್ಲದ ವಾರದಲ್ಲಿ ಅದೇ ಹಡಗು, ಅದೇ ಒಳಕೋಣೆ ಹಿಡಿಯಿರಿ. ಕ್ಯೂ ತಾನಾಗೇ ಚಿಕ್ಕದಾಗಿರುತ್ತದೆ, ಟಿಕೆಟ್ಟೂ ಕಡಿಮೆ. ಬಟ್ಲರ್ ಒಬ್ಬ ಬರುವುದಿಲ್ಲ.